ತುಂಡು ಡಾಕ್ಟರ ಮೀನಖಂಡ

ಬ್ರೆಡ್ಡಿಗೆ ಬೂಷ್ಟು ಬಂದರೆ ನೀವು ನಾವು ಏನು ಮಾಡುತ್ತೇವೆ? ಮೂಗು ಮುಚ್ಚಿಕೊಂಡು ಬಿಸಾಡುತ್ತೇವೆ. ಆ ಆಸ್ಪತ್ರೆಯ ಎರಡನೆಯ ಮಹಡಿಯಲ್ಲಿ, ಬಟ್ಟೆ ಒಗೆಯುವ ಕೋಣೆಯ ಪಕ್ಕದಲ್ಲಿ, ಅದೇ ಬೂಷ್ಟಿಗೆ ಗಾಜಿನ ತಟ್ಟೆಯಲ್ಲಿ ಊಟ ಬಡಿಸಿ, ಬೆಚ್ಚಗೆ ಮಲಗಿಸಿ, ಬೆಳಿಗ್ಗೆ ಬಂದು ಮುಚ್ಚಳದ ಮೇಲಿಂದ ಇಣುಕಿ ಮೆಚ್ಚಿಕೊಳ್ಳುವ ಜನರಿದ್ದರು. ಅವರಿಗೇನು ತಲೆ ಕೆಟ್ಟಿದೆಯೇ ಎನ್ನಬೇಡಿ. ಕೆಲವರ ಗಾಯ ಯಾವ ಮುಲಾಮಿಗೂ ಬಗ್ಗುವುದಿಲ್ಲ, ಯಾಕೆಂದರೆ ಒಳಗೆ ಬೂಷ್ಟು ಬಿಡಾರ ಹೂಡಿರುತ್ತದೆ. ಅಂಥ ಗಾಯದಿಂದ ಒಂಚೂರು ತಂದು ತಟ್ಟೆಯಲ್ಲಿ ಬೆಳೆಸಿದರೆ ಅದು ಯಾವ ಬೂಷ್ಟು ಎಂದು ತಿಳಿಯುತ್ತದೆ. ಯಾವುದೆಂದು ತಿಳಿದರೆ ಮದ್ದೂ ತಿಳಿದ ಹಾಗೆ.

ಆ ಕೋಣೆಯ ಮುಖ್ಯಸ್ಥರಿಗೆ ಇಡೀ ಆಸ್ಪತ್ರೆ ಇಟ್ಟ ಹೆಸರು ತುಂಡು ಡಾಕ್ಟರು. ಅವರಿಗೂ ಅದು ಗೊತ್ತಿತ್ತು, ಬೇಜಾರೇನೂ ಇರಲಿಲ್ಲ. ವಾರ್ಡಿನ ಸರ್ಜನ್ನುಗಳು ಗಾಯದ ಕೀವನ್ನು ಹತ್ತಿ ಸುತ್ತಿದ ಕಡ್ಡಿಯಲ್ಲಿ ಒರೆಸಿ ಕಳಿಸಿದರೆ ಇವರಿಗೆ ಮೈಯೆಲ್ಲ ಉರಿಯುತ್ತಿತ್ತು. "ಗಾಳಿಯಲ್ಲಿ ಹಾರಾಡೋ ಬೂಷ್ಟೆಲ್ಲ ಗಾಯದ ಮೇಲೆ ಬಂದು ಕೂತಿರುತ್ತೆ ಕಣಯ್ಯ! ಹತ್ತಿಯಲ್ಲಿ ಒರೆಸಿದ್ರೆ ಬಾಗಿಲಲ್ಲಿ ನಿಂತವರು ಸಿಗ್ತಾರೆ, ಒಳಗಿರೋ ಕಳ್ಳ ಸಿಗಲ್ಲ. ಮಾಂಸದ ತುಂಡು ಕಳಿಸು!" ಎಂದು ಫೋನಿನಲ್ಲಿ ಕೂಗುತ್ತಿದ್ದರು. ಕೂಗಿ ಕೂಗಿ ಗಂಟಲು ಕಟ್ಟಿದ ಮೇಲೆ ಎರಡು ರಬ್ಬರ್ ಸ್ಟಾಂಪು ಮಾಡಿಸಿದರು. ಒಂದರಲ್ಲಿ "ಹತ್ತಿ ಬೇಡ, ತುಂಡು ಕಳಿಸಿ" ಎಂದಿತ್ತು. ಇನ್ನೊಂದರಲ್ಲಿ "ಫಾರ್ಮಲಿನ್ ಬೇಡ, ಮತ್ತೊಂದು ತುಂಡು ಕಳಿಸಿ" ಎಂದಿತ್ತು. ಫಾರ್ಮಲಿನ್ ಎಂದರೆ ಮಾಂಸ ಕೊಳೆಯದಂತೆ ಇಡುವ ದ್ರಾವಣ. ಕೆಲವು ಸರ್ಜನ್ನುಗಳು ಕೈಚಟಕ್ಕೆ ಬಿದ್ದು ತುಂಡನ್ನು ಅದರೊಳಗೆ ಅದ್ದಿಬಿಡುತ್ತಿದ್ದರು. ಅದರಲ್ಲಿ ಮಾಂಸವೇನೋ ಉಳಿಯುತ್ತದೆ, ಒಳಗಿನ ಬೂಷ್ಟು ಮಾತ್ರ ಸತ್ತು ಸುಣ್ಣವಾಗುತ್ತದೆ. ಹುರಿದ ಕಾಳನ್ನು ಬಿತ್ತಿ ಪೈರಿಗೆ ಕಾದರೆ ಬರುತ್ತದೆಯೇ?

ಈ ಎರಡೂ ಸ್ಟಾಂಪಿನ ಏಟು ಅತಿ ಹೆಚ್ಚು ತಿಂದವನು ಅವರ ಸ್ವಂತ ಭಾವಮೈದುನ, ಅಂದರೆ ಹೆಂಡತಿಯ ತಮ್ಮ. ಕೆಳಗಿನ ಮಹಡಿಯಲ್ಲಿ ಸರ್ಜನ್. "ಪಾಪದ ರೋಗಿಗಳು ಭಾವ, ಮತ್ತೆ ಮತ್ತೆ ಹೇಗೆ ಕೊಯ್ಯೋದು? ನೋವಾಗುತ್ತೆ" ಎಂದು ಅವನು ಗೋಗರೆದರೆ ಇವರದು ಒಂದೇ ಉತ್ತರ.

"ಏನು ಮಹಾ ನೋವು? ಇರುವೆ ಕಚ್ಚಿದ ಹಾಗಾಗುತ್ತೆ ಅಷ್ಟೆ."

ಹೀಗೆ ಹೇಳುವವರು ತಮ್ಮ ಮೈಗೆ ಒಂದು ಸೂಜಿಯನ್ನೂ ತಾಕಿಸಿಕೊಂಡವರಲ್ಲ ಎಂಬ ಗುಟ್ಟು ಹೆಂಡತಿಗೆ ಮಾತ್ರ ಗೊತ್ತಿತ್ತು. ಓದುವ ಕಾಲದಲ್ಲಿ ಮೊದಲ ಆಪರೇಷನ್ ನೋಡಲು ನಿಂತವರು ನೋಡುತ್ತಾ ನೋಡುತ್ತಾ ದೊಪ್ಪೆಂದು ಬಿದ್ದು, ರೋಗಿಗಿಂತ ಮೊದಲೇ ಸ್ಟ್ರೆಚರ್ ಹತ್ತಿದ್ದರು. ಅವತ್ತೇ ತೀರ್ಮಾನಿಸಿದ್ದರು, ನನಗೆ ಬೂಷ್ಟೇ ಸಾಕು, ಅದಕ್ಕೆ ರಕ್ತ ಬರುವುದಿಲ್ಲ ಎಂದು.

ಇಂಥವರು ಒಂದು ಸಂಜೆ ಹೆಂಡತಿಯ ಜೊತೆ ವಾಕಿಂಗ್ ಹೋಗುವಾಗ ಚರಂಡಿ ಹಾರಿದರು. ಯಾಕೆ ಹಾರಿದರು ಎಂದು ಕೇಳಿದರೆ ಯಾರಾದರೂ ಏನು ಹೇಳಬೇಕು? ಹತ್ತು ಹೆಜ್ಜೆ ಆಚೆ ಚಪ್ಪಡಿ ಹಾಸಿದ ದಾರಿಯಿತ್ತು. "ಸುತ್ತಿ ಬನ್ರೀ, ವಯಸ್ಸು ನೋಡಿಕೊಳ್ಳಿ" ಎಂದು ಹೆಂಡತಿ ಹೇಳಿದ್ದೇ ತಪ್ಪಾಯಿತು. ವಯಸ್ಸಿನ ಮಾತು ಬಂದರೆ ಗಂಡಸು ಚರಂಡಿ ಏನು, ಸಮುದ್ರವನ್ನೂ ಹಾರುತ್ತಾನೆ. ಹಾರಿದವರು ನೇರವಾಗಿ ಕೆಸರಿಗೆ ಇಳಿದರು. ಕೆಸರಿನಲ್ಲಿ ನೆಟ್ಟಗೆ ನಿಂತಿದ್ದ ಕೊಳೆತ ಮರದ ಕಡ್ಡಿಯೊಂದು ಎಡಗಾಲಿನ ಮೀನಖಂಡಕ್ಕೆ ಕಚಕ್ಕೆಂದು ಹೊಕ್ಕಿತು.

"ಏನೂ ಆಗಿಲ್ಲ, ಏನೂ ಆಗಿಲ್ಲ" ಎನ್ನುತ್ತಾ ಎದ್ದರು. ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂಬ ಜಾತಿ. ಇವರ ಮೀಸೆಗೆ ಮಾತ್ರ ನಿಜವಾಗಿಯೂ ಕೆಸರು ಮೆತ್ತಿತ್ತು.

ಮನೆಯಲ್ಲಿ ಕಡ್ಡಿ ಕಿತ್ತು, ತೊಳೆದು, ಮುಲಾಮು ಹಚ್ಚಿಕೊಂಡರು. ಗಾಯ ಮೇಲೆ ಮುಚ್ಚಿಕೊಂಡಿತು. ಆಮೇಲೆ ಮತ್ತೆ ಬಾಯಿ ಬಿಟ್ಟಿತು. ಸುತ್ತ ಕೆಂಪಾಗಿ, ಗಟ್ಟಿಯಾಗಿ, ಒಳಗಿಂದ ಜಿನುಗತೊಡಗಿತು. ಹೆಂಡತಿಗೆ "ವಾಸಿಯಾಯ್ತು" ಎಂದು ಸುಳ್ಳು ಹೇಳಿ, ಬಚ್ಚಲಿಗೆ ಚಿಲಕ ಹಾಕಿಕೊಂಡು ತಾವೇ ಪಟ್ಟಿ ಕಟ್ಟಿಕೊಳ್ಳತೊಡಗಿದರು. ಕೀವಿಗೆ ಕೊಡುವ ಮಾತ್ರೆಗಳನ್ನೆಲ್ಲ ನುಂಗಿ ಮುಗಿಸಿದರು. ಗಾಯಕ್ಕೆ ಅದು ಲೆಕ್ಕಕ್ಕೇ ಬರಲಿಲ್ಲ. ಕೆಸರು, ಕೊಳೆತ ಮರ, ಮಾತ್ರೆಗೆ ಜಗ್ಗದ ಗಾಯ, ಮೇಲಿಂದ ಇವರಿಗೆ ಸಕ್ಕರೆ ಕಾಯಿಲೆ. ಇಷ್ಟನ್ನು ಪಾಠ ಮಾಡುವಾಗ ಬೋರ್ಡಿನಲ್ಲಿ ಬರೆದು ಇದೇನು ಎಂದು ಕೇಳಿದರೆ ಅವರ ವಿದ್ಯಾರ್ಥಿಗಳು ನಿದ್ದೆಗಣ್ಣಲ್ಲೂ ಉತ್ತರ ಹೇಳುತ್ತಿದ್ದರು. ಬೂಷ್ಟು! ತಡ ಮಾಡಿದರೆ ಏನಾಗುತ್ತದೆ ಎಂಬುದನ್ನು ಕಲಿಸಿದವರೂ ಇವರೇ: ಬೂಷ್ಟು ಮೂಳೆಗೆ ಇಳಿಯುತ್ತದೆ, ಮೂಳೆಗೆ ಇಳಿದರೆ ಕಾಲನ್ನೇ ತೆಗೆಯಬೇಕಾಗಿ ಬರಬಹುದು. ಬಚ್ಚಲಲ್ಲಿ ಕೂತು ಕಾಲು ನೋಡಿಕೊಂಡಾಗಲೆಲ್ಲ ಆ ಪಾಠ ಅವರದೇ ದನಿಯಲ್ಲಿ ಕೇಳಿಸಿ ಎದೆ ಧಸಕ್ಕೆನ್ನುತ್ತಿತ್ತು.

ಆದರೆ ತುಂಡು ಕೊಡುವುದೇ? ಕತ್ತಿಯಲ್ಲಿ? ತಮ್ಮ ಮೀನಖಂಡದಿಂದ? ಅಮ್ಮಮ್ಮಾ!

ಹಾಗಾಗಿ ಒಂದು ಬೆಳಿಗ್ಗೆ ತುಂಡು ಡಾಕ್ಟರು ಬಚ್ಚಲಲ್ಲಿ ಕೂತು, ಗಾಯಕ್ಕೆ ನೋವಾಗದ ಹಾಗೆ, ಹತ್ತಿ ಸುತ್ತಿದ ಕಡ್ಡಿಯಲ್ಲಿ ಮೆಲ್ಲಗೆ ಒರೆಸಿಕೊಂಡರು. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಎಂದು ದೊಡ್ಡವರು ಸುಮ್ಮನೆ ಹೇಳಿದ್ದಲ್ಲ. ಕಡ್ಡಿಯನ್ನು ನಳಿಗೆಗೆ ಹಾಕಿ, ಇಲ್ಲದ ರೋಗಿಯೊಬ್ಬನ ಹೆಸರು ಬರೆದು, ಬೇರೆ ಮಾದರಿಗಳ ನಡುವೆ ತೂರಿಸಿಟ್ಟು, ಏನೂ ಅರಿಯದವರಂತೆ ಮೈಕ್ರೋಸ್ಕೋಪಿನ ಮುಂದೆ ಕೂತರು.

ಮಾದರಿಗಳನ್ನು ತಟ್ಟೆಗೆ ಹಚ್ಚುವವಳು ಲ್ಯಾಬಿನ ಟೆಕ್ನಿಷಿಯನ್. ಎಲ್ಲರೂ ಅವಳನ್ನು ತಟ್ಟೆಯಕ್ಕ ಎನ್ನುತ್ತಿದ್ದರು. ತಟ್ಟೆಯಕ್ಕ ಆ ನಳಿಗೆಯನ್ನು ಎತ್ತಿ ನೋಡಿದ್ದೇ ತಡ, ಸ್ಟಾಂಪು ಕೈಗೆ ತೆಗೆದುಕೊಂಡು ದಬ್ ಎಂದು ಕುಟ್ಟಿದಳು. ಹತ್ತಿ ಬೇಡ, ತುಂಡು ಕಳಿಸಿ.

"ಏ ಏ, ತಡಿಯಮ್ಮಾ!" ಡಾಕ್ಟರು ಕುರ್ಚಿಯಿಂದ ಎದ್ದೇಬಿಟ್ಟರು. "ಇದೊಂದು ಸಲ ತಟ್ಟೆಗೆ ಹಾಕಿಬಿಡು."

ತಟ್ಟೆಯಕ್ಕ ಕಣ್ಣು ಕಿರಿದು ಮಾಡಿ ಅವರನ್ನೇ ನೋಡಿದಳು. "ಸರ್, ಮೈ ಹುಷಾರಾಗಿದೆ ತಾನೆ?"

"ನನಗೇನಾಗಿದೆ? ಗುಂಡುಕಲ್ಲಿನ ಹಾಗಿದೀನಿ. ಪಾಪ ಯಾರೋ, ಹೆದರ್ಕೊಂಡಿರ್ತಾನೆ ಅಂತ…"

"ಹೆದರಿಕೆ ಯಾತಕ್ಕೆ ಸರ್? ಇರುವೆ ಕಚ್ಚಿದ ಹಾಗೆ ಅಷ್ಟೆ ಅಂತ ನೀವೇ ಹೇಳ್ತೀರಲ್ಲ. ಯಾವ ವಾರ್ಡು ಹೇಳಿ, ನಾನೇ ಫೋನ್ ಮಾಡಿ ಆ ಪುಕ್ಕಲನಿಗೆ ನಾಲ್ಕು ಮಾತು ಹೇಳ್ತೀನಿ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಮ್ಮ ಡಾಕ್ಟರು ಎಡಗಾಲನ್ನು ಮೇಜಿನ ಕೆಳಗೆ ಎಳೆದುಕೊಂಡರು. "ಪುಕ್ಕಲ ಗಿಕ್ಕಲ ಎಲ್ಲ ಯಾಕಮ್ಮಾ, ಹಾಕು ಅಂದ್ರೆ ಹಾಕು" ಎಂದು ಗದರಿದರು. ಅವಳು ಭುಜ ಹಾರಿಸಿ ತಟ್ಟೆಗೆ ಹಚ್ಚಿದಳು.

ಕೆಲವು ದಿನ ಕಳೆದ ಮೇಲೆ ತಟ್ಟೆಯಲ್ಲಿ ಎದ್ದದ್ದು ಏನು ಗೊತ್ತೇ? ಒಂದು ಕಡೆ ಹಸಿರು, ಒಂದು ಕಡೆ ಕಪ್ಪು, ಮಧ್ಯೆ ಬೂದಿ, ಅಂಚಿನಲ್ಲಿ ಗುಲಾಬಿ. "ಪೇಂಟ್ ಅಂಗಡಿ ಸರ್" ಎಂದು ತಟ್ಟೆಯಕ್ಕ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಡಾಕ್ಟರು ಆ ತಟ್ಟೆಯನ್ನು ಬೆಳಕಿಗೆ ಹಿಡಿದು ತುಂಬ ಹೊತ್ತು ನಿಂತರು. ಇದರಲ್ಲಿ ಬಚ್ಚಲ ಗೋಡೆಯದು ಯಾವುದು, ಪಟ್ಟಿ ಬಟ್ಟೆಯದು ಯಾವುದು, ತಮ್ಮ ಕಾಲು ತಿನ್ನುತ್ತಿರುವುದು ಯಾವುದು? ಯಾವ ದೇವರು ಬಂದರೂ ಹೇಳಲಾರ. ಇದನ್ನೇ ಅಲ್ಲವೇ ಅವರು ಇಷ್ಟು ವರ್ಷ ಊರಿಗೆಲ್ಲ ಕೂಗಿ ಹೇಳಿದ್ದು? ತಾವು ಹೇಳಿದ್ದು ಅಕ್ಷರಶಃ ನಿಜವಾಯಿತು ಎಂದು ಒಂದು ಕ್ಷಣ ಹೆಮ್ಮೆಯೂ ಆಯಿತು. ಆಮೇಲೆ ಕಾಲು ಚುಳ್ಳೆಂದಿತು.

ಅಂದು ಸಂಜೆ ಮನೆಗೆ ಬಂದಾಗ ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. ಆಕೆ ಶಾಲೆಯಲ್ಲಿ ಗಣಿತದ ಟೀಚರು, ಮಕ್ಕಳ ಮುಖ ನೋಡಿಯೇ ಯಾರು ಕಾಪಿ ಹೊಡೆದಿದ್ದಾರೆ ಎಂದು ಹೇಳುವವಳು.

"ಯಾಕ್ರೀ ಕುಂಟ್ತಾ ಇದೀರಿ?"

"ಹೊಸ ಶೂ ಕಣೇ. ಕಚ್ತಾ ಇದೆ."

"ನಿಮ್ಮ ಕಾಲಲ್ಲಿರೋದು ಹಳೇ ಚಪ್ಪಲಿ."

ಡಾಕ್ಟರು ಕೆಳಗೆ ನೋಡಿದರು. ಹೌದು, ಹಳೇ ಚಪ್ಪಲಿ. ಇಂಗು ತಿಂದ ಮಂಗನ ಹಾಗೆ ನಿಂತರು. ಆಕೆ ಬಗ್ಗಿ ಪ್ಯಾಂಟು ಮೇಲೆತ್ತಿದಳು, ಪಟ್ಟಿ ಬಿಚ್ಚಿದಳು. ಗಾಯ ನೋಡಿ ಆಕೆಯ ಕಣ್ಣಲ್ಲಿ ನೀರೇ ಬಂತು. ಸಿಟ್ಟು ಆಮೇಲೆ ಬಂತು.

"ಊರಿನವರ ಗಾಯಕ್ಕೆಲ್ಲ ನ್ಯಾಯ ಹೇಳೋರು ಮನೆಯಲ್ಲಿ ಹೀಗಾ? ಕಾಲು ಹೋದ್ರೆ ಏನು ಮಾಡ್ತೀರಿ? ನಾನು ಏನು ಮಾಡ್ಲಿ?"

"ನನಗೆ ಭಯ ಕಣೇ" ಎಂದರು ಡಾಕ್ಟರು. ಅಷ್ಟು ಸಣ್ಣ ದನಿಯಲ್ಲಿ ಅವರು ಮಾತಾಡಿದ್ದನ್ನು ಆಕೆ ಯಾವತ್ತೂ ಕೇಳಿರಲಿಲ್ಲ. ಬೈಯಲು ತೆರೆದ ಬಾಯಿ ಮುಚ್ಚಿಕೊಂಡು, ತಮ್ಮನಿಗೆ ಫೋನ್ ಮಾಡಿದಳು. ಆ ಕಡೆಯಿಂದ ಬಂದ ನಗು ಡಾಕ್ಟರಿಗೆ ಸೋಫಾದ ತನಕ ಕೇಳಿಸಿತು.

ಮಾರನೆಯ ದಿನ ಭಾವಮೈದುನನ ಸಣ್ಣ ಆಪರೇಷನ್ ಕೋಣೆಯಲ್ಲಿ ಡಾಕ್ಟರು ಬೋರಲು ಮಲಗಿದ್ದರು. ತಲೆಯ ಹತ್ತಿರ ಹೆಂಡತಿ, ಕಾಲಿನ ಹತ್ತಿರ ಭಾವಮೈದುನ. ಅವನ ಮುಖದಲ್ಲಿ ಹಾಲು ಕುಡಿದಷ್ಟು ಸಂತೋಷ.

"ಭಾವ, ಹತ್ತಿಯಲ್ಲಿ ಒರೆಸಿ ಕಳಿಸ್ಲಾ?"

"ತಮಾಷೆ ಸಾಕು ಕಣಯ್ಯ. ಒಂದೇ ತುಂಡು. ಆಳದಿಂದ ತೆಗಿ, ಮೇಲಿನ ಸತ್ತ ಚರ್ಮ ಬೇಡ. ಬಾಟಲಿ ನಾನೇ ಹಿಡಿದುಕೋತೀನಿ."

"ನರ್ಸ್ ಇದಾರೆ ಭಾವ."

"ನಿನ್ನನ್ನೂ ನಂಬಲ್ಲ, ನಿನ್ನ ನರ್ಸನ್ನೂ ನಂಬಲ್ಲ. ಇಷ್ಟು ವರ್ಷ ಎಷ್ಟು ತುಂಡು ಫಾರ್ಮಲಿನ್‌ನಲ್ಲಿ ಮುಳುಗಿಸಿದೀಯ, ನನಗೆ ಗೊತ್ತಿಲ್ವಾ?"

ಪಕ್ಕದ ಟ್ರಾಲಿಯ ಮೇಲೆ ವಾಡಿಕೆಯಂತೆ ಎರಡು ಬಾಟಲಿ ಇದ್ದವು. ಒಂದರಲ್ಲಿ ಶುದ್ಧವಾದ ಉಪ್ಪುನೀರು, ಬೂಷ್ಟು ಬೆಳೆಸಲು ಹೋಗುವ ತುಂಡಿಗೆ. ಇನ್ನೊಂದರಲ್ಲಿ ಫಾರ್ಮಲಿನ್. ಡಾಕ್ಟರು ಚೀಟಿಯನ್ನು ಎರಡು ಸಲ ಓದಿ ಉಪ್ಪುನೀರಿನದನ್ನೇ ಕೈಗೆ ತೆಗೆದುಕೊಂಡರು. ಮರಗಟ್ಟಿಸುವ ಸೂಜಿ ಚುಚ್ಚಿದಾಗ "ಅಯ್ಯಯ್ಯೋ!" ಎಂದು ಕೂಗಿದ್ದು ಎರಡನೆಯ ಮಹಡಿಗೂ ಕೇಳಿಸಿತು ಎಂದು ಆಮೇಲೆ ತಟ್ಟೆಯಕ್ಕ ಹೇಳಿದಳು. ಸ್ವಲ್ಪ ಹೊತ್ತಾದ ಮೇಲೆ ಭಾವಮೈದುನ ಕತ್ತಿ ಎತ್ತಿಕೊಂಡ. ಡಾಕ್ಟರು ಹಿಂದಕ್ಕೆ ತಿರುಗಿ ಅದನ್ನು ನೋಡಿಬಿಟ್ಟರು. ಬಾಟಲಿಯನ್ನು ಟ್ರಾಲಿಗೆ ಕುಕ್ಕಿ, ಮಂಚದ ಕಂಬಿಯನ್ನು ಎರಡೂ ಕೈಯಲ್ಲಿ ಅವಚಿಕೊಂಡು, ಕಣ್ಣು ಬಿಗಿಯಾಗಿ ಮುಚ್ಚಿದರು.

"ಆಯ್ತು ಭಾವ, ಬಾಟಲಿ ಕೊಡಿ."

ಕಣ್ಣು ಮುಚ್ಚಿಕೊಂಡೇ ತಡಕಾಡಿದರು. ಕೈಗೊಂದು ಬಾಟಲಿ ಸಿಕ್ಕಿತು. ಚಾಚಿದರು. ಪುಳಕ್ ಎಂದಿತು. ಆ ಸದ್ದು ಕೇಳಿ ಅವರಿಗೆ ಎಷ್ಟು ನಿರಾಳವಾಯಿತು ಎಂದರೆ ಹೆಂಡತಿಯ ಕಡೆ ನೋಡಿ ಹಲ್ಲು ಬಿಟ್ಟರು. "ನೋಡಿದ್ಯಾ? ಇರುವೆ ಕಚ್ಚಿದ ಹಾಗೆ." ಆಮೇಲೆ ಹೆಮ್ಮೆಯಿಂದ ಬಾಟಲಿಯನ್ನು ಕಣ್ಣ ಹತ್ತಿರ ತಂದರು.

ಫಾರ್ಮಲಿನ್.

ಭಾವಮೈದುನ ಆ ಕಡೆ ತಿರುಗಿ ಗಾಯಕ್ಕೆ ಪಟ್ಟಿ ಸಿದ್ಧ ಮಾಡುತ್ತಿದ್ದ, ನೋಡಿರಲಿಲ್ಲ. ಹೆಂಡತಿಗೆ ಎರಡು ಬಾಟಲಿಯ ಭೇದ ಗೊತ್ತಿರಲಿಲ್ಲ. ಇಡೀ ಕೋಣೆಯಲ್ಲಿ ಈ ಅನಾಹುತ ಗೊತ್ತಿದ್ದದ್ದು ಇವರೊಬ್ಬರಿಗೇ. ಬಾಯಿ ಮುಚ್ಚಿಕೊಂಡಿದ್ದರೆ ಮುಗಿಯಿತು, ಎದ್ದು ಮನೆಗೆ ಹೋಗಬಹುದು.

ಎಂಥೆಂಥ ನೆಪ ಹೊಳೆಯಿತು ಅಂತೀರಿ! ಫಾರ್ಮಲಿನ್ ತುಂಡನ್ನು ಕೊಯ್ದು ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಬೂಷ್ಟಿನ ಎಳೆ ಕಾಣುತ್ತದಲ್ಲ, ಅಷ್ಟು ಸಾಲದೇ? ಕಂಡರೆ ಯಾವುದೋ ಒಂದು ಮದ್ದು ಕೊಟ್ಟರಾಯಿತು. ಆದರೆ ಹಾಳಾದ ವಿದ್ಯೆ, ಬೇಡ ಎಂದಾಗ ಬಿಟ್ಟುಹೋಗುವುದಿಲ್ಲ. ಮಾಂಸದೊಳಗೆ ಎಳೆಗಳು ಎಷ್ಟೋ ಸಲ ಅವಳಿ ಮಕ್ಕಳ ಹಾಗೆ ಒಂದೇ ಥರ ಕಾಣುತ್ತವೆ. ಒಂದನ್ನು ಕೊಲ್ಲುವ ಮದ್ದನ್ನು ಇನ್ನೊಂದು ಲೆಕ್ಕಕ್ಕೇ ಇಡುವುದಿಲ್ಲ. ತಟ್ಟೆಯಲ್ಲಿ ಬೆಳೆಸಿದರೆ ಮಾತ್ರ ಯಾರು ಯಾರೆಂದು ಗೊತ್ತಾಗುವುದು. ಅಂದಾಜಿನ ಮದ್ದು ತಪ್ಪಿದರೆ ಬೂಷ್ಟು ಮೂಳೆಗೆ ಇಳಿಯುತ್ತದೆ. ಅಷ್ಟು ಹೊತ್ತಿಗೆ ಕೇಳಬೇಕಾಗುವುದು ತುಂಡನ್ನಲ್ಲ, ಇಡೀ ಕಾಲನ್ನು.

ಅವರು ಬೆವೆತುಹೋದರು. ಎರಡನೆಯ ಮಹಡಿಯಲ್ಲಿ, ಮೇಜಿನ ಬಲಗಡೆ, ಆ ಎರಡನೆಯ ಸ್ಟಾಂಪು ಕೂತಿರುವುದು ಕಣ್ಣಿಗೆ ಕಟ್ಟಿತು. ಎಷ್ಟು ಸಲ ಕುಟ್ಟಿದ್ದರು ಅದನ್ನು! ಕಾಫಿ ಕುಡಿಯುತ್ತಾ, ಫೋನಿನಲ್ಲಿ ಹರಟುತ್ತಾ ಕುಟ್ಟಿದ್ದರು. ಕುಟ್ಟಿದಾಗಲೆಲ್ಲ ಕೆಳಗೆ ಯಾರೋ ಒಬ್ಬರು ಹೀಗೆಯೇ ಬೋರಲು ಮಲಗಿ, ಮುಗಿಯಿತಪ್ಪ ಎಂದು ಉಸಿರು ಬಿಟ್ಟವರು, ಇನ್ನೊಮ್ಮೆ ಮಲಗಬೇಕಾಗಿತ್ತು. ಆ ಮನುಷ್ಯರು ಅವರ ತಲೆಗೆ ಒಮ್ಮೆಯೂ ಬಂದಿರಲಿಲ್ಲ. ತಲೆಗೆ ಬಂದದ್ದು ತುಂಡು ಮಾತ್ರ. ಡಾಕ್ಟರಿಗೆ ನಾಚಿಕೆಯಾಯಿತು, ಕಾಲಿನ ನೋವಿಗಿಂತ ಜೋರಾಗಿಯೇ ಆಯಿತು.

"ಲೋ" ಎಂದರು.

"ಏನು ಭಾವ?"

"ಫಾರ್ಮಲಿನ್."

ಭಾವಮೈದುನ ತಿರುಗಿದ. ಬಾಟಲಿ ನೋಡಿದ. ಭಾವನ ಮುಖ ನೋಡಿದ. ಅವನ ತುಟಿ ಅದುರತೊಡಗಿತು. ಇಷ್ಟು ವರ್ಷ ಕಾದ ಗಳಿಗೆ ತಟ್ಟೆಯಲ್ಲಿಟ್ಟು ಕೊಟ್ಟ ಹಾಗೆ ಬಂದಿತ್ತು.

"ಅಂದ್ರೆ?" ಎಂದ, ಗೊತ್ತಿದ್ದೂ. "ಬಾಯಿಬಿಟ್ಟು ಹೇಳಿ ಭಾವ. ನನಗೆ ತಿಳಿಯೋದು ನಿಧಾನ."

ತುಂಡು ಡಾಕ್ಟರು ಕಣ್ಣು ಮುಚ್ಚಿ ತೆರೆದರು. "ಫಾರ್ಮಲಿನ್ ಬೇಡ. ಮತ್ತೊಂದು ತುಂಡು… ತೆಗೆಯಪ್ಪಾ."

ಭಾವಮೈದುನ ಗೋಡೆಗೆ ಒರಗಿ ನಕ್ಕ. ನಕ್ಕು ನಕ್ಕು ಮಾಸ್ಕು ಕೆಳಗೆ ಬಿತ್ತು, ಹೊಸದು ಹಾಕಿಕೊಳ್ಳಬೇಕಾಯಿತು. ಮಾಡಿದ್ದುಣ್ಣೋ ಮಹಾರಾಯ ಎಂದು ಹೇಳಲೂ ಅವನಿಗೆ ಉಸಿರಿರಲಿಲ್ಲ. ಆದರೆ ಹತ್ತಿರ ಬಂದಾಗ ಭಾವನ ಬೆನ್ನು ಎಲೆಯ ಹಾಗೆ ನಡುಗುತ್ತಿರುವುದು ಕಂಡಿತು. ನಗು ನಿಂತುಹೋಯಿತು.

"ಸುಮ್ಮನಿದ್ರೆ ನನಗೆ ಗೊತ್ತೇ ಆಗ್ತಿರಲಿಲ್ಲ ಭಾವ" ಎಂದ ಮೆತ್ತಗೆ. "ಈ ಸಲ ಪಕ್ಕದ ಜಾಗ, ಅಲ್ಲಿ ಮರಗಟ್ಟಿಲ್ಲ. ಇನ್ನೊಂದು ಸೂಜಿ ಹಾಕ್ತೀನಿ. ಅಕ್ಕಾ, ಕೈ ಹಿಡ್ಕೋ."

ಹೆಂಡತಿ ಕೈ ಹಿಡಿದುಕೊಂಡಳು. ಡಾಕ್ಟರು ಈ ಸಲ ಕಣ್ಣು ಮುಚ್ಚಲಿಲ್ಲ. ಉಪ್ಪುನೀರಿನ ಬಾಟಲಿಯ ಚೀಟಿಯನ್ನೇ, ದೇವರ ಪಟ ನೋಡುವ ಹಾಗೆ, ಎವೆಯಿಕ್ಕದೆ ನೋಡುತ್ತಾ ಚಾಚಿ ಹಿಡಿದರು. ಸೂಜಿ ಹೋಯಿತು, ಕತ್ತಿ ಬಂತು, ಅವರ ಬಾಯಿಂದ ಹೊರಟ ಸದ್ದನ್ನು ಬರೆಯಲು ನಮ್ಮ ಅಕ್ಷರಮಾಲೆ ಸಾಲದು. ಪುಳಕ್ ಎಂದಿತು.

"ಇರುವೆ ಕಚ್ಚಿದ ಹಾಗಾಯ್ತೇನ್ರೀ?" ಎಂದಳು ಹೆಂಡತಿ, ಅವರ ಹಣೆಯ ಬೆವರು ಒರೆಸುತ್ತಾ.

"ಇರುವೆ ಅಲ್ಲ ಕಣೇ. ನಾಯಿ. ನಾಯಿ ಕಚ್ಚಿದ ಹಾಗೆ. ಇಷ್ಟು ದಿನ ಬರೀ ಸುಳ್ಳು ಹೇಳಿದೆ."

ತುಂಡು ಎರಡನೆಯ ಮಹಡಿಗೆ ಹೋಯಿತು. ತಟ್ಟೆಯಕ್ಕ ಒಂದು ಚೂರಿನ ಮಾಂಸವನ್ನಷ್ಟೇ ಕ್ಷಾರದಲ್ಲಿ ಕರಗಿಸಿ ಮೈಕ್ರೋಸ್ಕೋಪಿನಲ್ಲಿಟ್ಟಳು. ಕವಲೊಡೆದ ಎಳೆಗಳು ಸ್ಪಷ್ಟವಾಗಿ ಕಂಡವು. ಉಳಿದದ್ದನ್ನು ತಟ್ಟೆಗಳಲ್ಲಿ ನೆಟ್ಟಳು. ಈ ಸಲ ಪೇಂಟ್ ಅಂಗಡಿ ಇಲ್ಲ. ನೆಟ್ಟ ಪ್ರತಿ ಚೂರಿನ ಸುತ್ತಲೂ ಒಂದೇ ಬೂಷ್ಟು, ಇಲಿಯ ತುಪ್ಪಳದ ಬಣ್ಣದ್ದು. ಕೆಸರಿನಲ್ಲಿ ವಾಸಿಸುವ ಕಳ್ಳ. ಎಳೆ ನೋಡಿ ಭಾವಮೈದುನ ಕೊಡಬೇಕೆಂದಿದ್ದ ಮಾಮೂಲಿ ಮದ್ದನ್ನು ಅದು ಕಡಲೆಕಾಯಿಯ ಹಾಗೆ ತಿಂದು ಹಾಕುತ್ತಿತ್ತು. ಬೇರೆ ಮದ್ದು ಕೊಟ್ಟರು. ಕಾಲು ಉಳಿಯಿತು. ಈ ಮಾದರಿಯ ಮೇಲೆ ಡಾಕ್ಟರ ಹೆಸರನ್ನೇ ನೋಡಿದ ತಟ್ಟೆಯಕ್ಕ ಹಿಂದಿನ ಪುಕ್ಕಲ ಯಾರೆಂದು ಊಹಿಸಿದಳು, ಆದರೆ ಬಾಯಿ ಬಿಡಲಿಲ್ಲ. ಅವರ ಮೇಜಿನ ಮೇಲೆ ಸಕ್ಕರೆಯಿಲ್ಲದ ಕಾಫಿ ಇಟ್ಟು ಹೋದಳು.

ಗಾಯ ಮಾಯುತ್ತಾ ಬಂದ ಕಾಲಕ್ಕೆ, ಕೆಳಗಿನ ವಾರ್ಡಿನಿಂದ ಮತ್ತೊಂದು ಹತ್ತಿಕಡ್ಡಿ ಬಂತು. ತೋಟದ ಕೆಲಸ ಮಾಡುವ ಅಜ್ಜಿಯ ಕಾಲಿನದು. ತಟ್ಟೆಯಕ್ಕ ಸ್ಟಾಂಪು ಎತ್ತಿದಳು.

"ಇರಮ್ಮಾ" ಎಂದರು ಡಾಕ್ಟರು. "ನಾನೇ ಹೋಗಿ ಕೇಳ್ತೀನಿ."

ಉಪ್ಪುನೀರಿನ ಬಾಟಲಿ ಹಿಡಿದು ಕುಂಟುತ್ತಾ ಮೆಟ್ಟಿಲಿಳಿದರು. ಅಜ್ಜಿ ಹಾಸಿಗೆಯಲ್ಲಿ ಮುದುಡಿ ಕೂತಿದ್ದಳು, ಪಕ್ಕದಲ್ಲಿ ಭಾವಮೈದುನ.

"ತುಂಡು ತೆಗೀತಾರಂತೆ. ನೋವಾಗುತ್ತೇನಪ್ಪಾ?" ಎಂದಳು ಅಜ್ಜಿ.

ಡಾಕ್ಟರ ನಾಲಿಗೆಯ ತುದಿಗೆ ಇರುವೆ ಬಂದು ನಿಂತಿತು. ಅದನ್ನು ನುಂಗಿದರು.

"ಆಗುತ್ತೆ ಅಜ್ಜಿ. ಚೆನ್ನಾಗೇ ಆಗುತ್ತೆ. ನಾನು ಎರಡು ಸಲ ಕೊಟ್ಟಿದೀನಿ, ನೋಡಿ" ಎಂದು ಪ್ಯಾಂಟು ಮೇಲೆತ್ತಿ ತೋರಿಸಿದರು. "ಆದ್ರೆ ಕಾಲು ಉಳಿಯಿತು. ನನ್ನ ಕೈ ಹಿಡ್ಕೊಳ್ಳಿ, ಎಷ್ಟು ಬೇಕಾದ್ರೂ ಹಿಂಡಿ."

ಅಜ್ಜಿ ಕಾಲಿನ ಕಲೆ ನೋಡಿದಳು, ಅವರ ಮುಖ ನೋಡಿದಳು, ಆಮೇಲೆ ಕೈ ಹಿಡಿದಳು. ಭಾವಮೈದುನ ಕತ್ತಿ ಎತ್ತಿಕೊಂಡ. ಅಜ್ಜಿ ಧೈರ್ಯವಾಗಿ ನೋಡುತ್ತಲೇ ಇದ್ದಳು.

"ಅಲ್ಲಪ್ಪಾ, ಕೊಯ್ಯೋದು ನನ್ನ ಕಾಲು. ನೀನ್ಯಾಕೆ ಕಣ್ಣು ಮುಚ್ಚಿದೀಯ?" ಎಂದಳು.

ಭಾವಮೈದುನ ಕತ್ತಿ ಕೆಳಗಿಟ್ಟು, ಭಾವನ ಇನ್ನೊಂದು ಕೈಯಿಂದ ಬಾಟಲಿಯನ್ನು ಮೆಲ್ಲಗೆ ಬಿಡಿಸಿಕೊಂಡು, ಚೀಟಿ ಓದಿ, ನರ್ಸಿನ ಕೈಗೆ ಕೊಟ್ಟ.